ಕಾಫಿ ಸಿಪ್ಪೆಯಲ್ಲಿ ಬೆಳೆವ ಬೂಷ್ಟು: ತ್ಯಾಜ್ಯದಿಂದ ಕಿಣ್ವದ ಕೊಯ್ಲು

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟಗಳಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲಿನ ಸಡಗರ. ಪಲ್ಪರ್ ಯಂತ್ರಕ್ಕೆ ಸುರಿದ ಹಣ್ಣಿನಿಂದ ಬೀಜ ಒಂದೆಡೆ, ಸಿಪ್ಪೆ ಮತ್ತೊಂದೆಡೆ ಬೀಳುತ್ತದೆ. ಹಣ್ಣಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಈ ಸಿಪ್ಪೆಯದೇ. ರಾಶಿ ಹಾಕಿದರೆ ಕೊಳೆತು ನಾರುತ್ತದೆ. ಅದರ ರಸ ಹಳ್ಳ ಸೇರಿದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ. ತೊರೆಗಳಲ್ಲಿ ನೀರು ಇಳಿಯುವ ಕಾಲವೂ ಇದೇ ಆಗಿರುವುದರಿಂದ ಹಾನಿ ಇನ್ನಷ್ಟು ಹೆಚ್ಚುತ್ತದೆ.

ಇದೇ ಸಿಪ್ಪೆಯನ್ನು ಬೆಲೆಬಾಳುವ ಕಿಣ್ವಗಳ ತಯಾರಿಕೆಗೆ ಕಚ್ಚಾವಸ್ತುವಾಗಿ ಬಳಸಬಹುದು ಎಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದ್ದಾರೆ. ಅಲ್ಲಿ ದುಡಿಯುವ 'ಕಾರ್ಮಿಕ' ಬರಿಯ ಬೂಷ್ಟು, ಅರ್ಥಾತ್ ಶಿಲೀಂಧ್ರ.

ಏನಿದು ವಿಧಾನ?

ಶಿಲೀಂಧ್ರಕ್ಕೆ ಬಾಯಿಯಿಲ್ಲ, ಹೊಟ್ಟೆಯೂ ಇಲ್ಲ. ಅದು ಕಿಣ್ವಗಳನ್ನು ದೇಹದ ಹೊರಗೆ ಸ್ರವಿಸಿ, ಆಹಾರವನ್ನು ಅಲ್ಲಿಯೇ ಕರಗಿಸಿ ಹೀರಿಕೊಳ್ಳುತ್ತದೆ. ಪೆಕ್ಟಿನ್ ಇರುವೆಡೆ ಪೆಕ್ಟಿನೇಸ್, ನಾರಿನಂಶ ಇರುವೆಡೆ ಸೆಲ್ಯುಲೇಸ್ ಮತ್ತು ಕ್ಸೈಲನೇಸ್ ಕಿಣ್ವಗಳನ್ನು ಉತ್ಪಾದಿಸುತ್ತದೆ. ಹಣ್ಣಿನ ರಸವನ್ನು ತಿಳಿಗೊಳಿಸಲು, ಡೆನಿಮ್ ಬಟ್ಟೆಯನ್ನು ಮೃದುಗೊಳಿಸಲು, ಕಾಗದದ ತಿರುಳನ್ನು ಬಿಳುಪು ಮಾಡಲು ಕೈಗಾರಿಕೆಗಳಿಗೆ ಬೇಕಾದದ್ದು ಇವೇ ಕಿಣ್ವಗಳು.

ಒಣಗಿಸಿ ಪುಡಿ ಮಾಡಿದ ಸಿಪ್ಪೆ ಅಥವಾ ಗೋಧಿ ಬೂಸಾಕ್ಕೆ ನೀರು ಬೆರೆಸಿ, ಹಬೆಯಲ್ಲಿ ಬೇಯಿಸಿ ಇತರ ಸೂಕ್ಷ್ಮಜೀವಿಗಳನ್ನು ನಾಶಪಡಿಸಲಾಗುತ್ತದೆ. ಆರಿದ ಬಳಿಕ ಆಸ್ಪರ್ಜಿಲ್ಲಸ್‌ನಂತಹ ಶಿಲೀಂಧ್ರದ ಬೀಜಕಗಳನ್ನು ಬೆರೆಸಿ, ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲವು ದಿನ ಇಡಲಾಗುತ್ತದೆ. ಮುದ್ದೆ ಒದ್ದೆಯಾಗಿರಬೇಕೇ ಹೊರತು ನೀರು ನಿಲ್ಲಬಾರದು. ನಂತರ ನೀರು ಸೇರಿಸಿ, ಕಲಕಿ, ಸೋಸಿದರೆ ಕಿಣ್ವ ದ್ರಾವಣ ರೂಪದಲ್ಲಿ ದೊರೆಯುತ್ತದೆ. ಇದಕ್ಕೆ ಘನಸ್ಥಿತಿ ಹುದುಗುವಿಕೆ ಎಂದು ಹೆಸರು.

ಶತಮಾನದ ಹಿನ್ನೆಲೆ

ಅಕ್ಕಿಯ ಮೇಲೆ ಬೂಷ್ಟು ಬೆಳೆಸಿ ಮದ್ಯ ತಯಾರಿಸುವುದು ಜಪಾನೀಯರ ಪುರಾತನ ಪದ್ಧತಿ. ಈ ಜ್ಞಾನದೊಂದಿಗೆ ಅಮೆರಿಕಕ್ಕೆ ತೆರಳಿದ ರಸಾಯನ ವಿಜ್ಞಾನಿ ಜೋಕಿಚಿ ತಕಾಮಿನೆ ಗೋಧಿ ಬೂಸಾದ ಮೇಲೆ ಶಿಲೀಂಧ್ರ ಬೆಳೆಸಿ ಪಿಷ್ಟ ಕರಗಿಸುವ ಕಿಣ್ವವನ್ನು ತಯಾರಿಸಿದರು. 1894ರಲ್ಲಿ ಅದಕ್ಕೆ ಅಲ್ಲಿ ಪೇಟೆಂಟ್ ದೊರೆಯಿತು. 'ಟಾಕಾ ಡಯಾಸ್ಟೇಸ್' ಎಂಬ ಹೆಸರಿನಲ್ಲಿ ಅದು ಜೀರ್ಣಕಾರಿ ಔಷಧವಾಗಿ ಮಾರುಕಟ್ಟೆಗೆ ಬಂತು.

ಸವಾಲುಗಳೇನು?

ಇಷ್ಟು ಸರಳವಾದ ವಿಧಾನ ಎಲ್ಲೆಡೆ ಹರಡದಿರಲು ಮುಖ್ಯ ಕಾರಣ ಶಾಖ. ಬೆಳೆಯುವ ಶಿಲೀಂಧ್ರ ಬಿಸಿಯನ್ನು ಹೊರಸೂಸುತ್ತದೆ. ರಾಶಿ ದಪ್ಪವಾದರೆ ಒಳಗಿನ ಬಿಸಿ ಹೊರಹೋಗದೆ ಶಿಲೀಂಧ್ರವೇ ಸಾಯುತ್ತದೆ. ಆದ್ದರಿಂದ ದೊಡ್ಡ ಕಾರ್ಖಾನೆಗಳು ಉಷ್ಣತೆಯ ನಿಯಂತ್ರಣ ಸುಲಭವಾಗಿರುವ ದ್ರವ ಮಾಧ್ಯಮವನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ. ಕಾಫಿ ಸಿಪ್ಪೆಯಲ್ಲಿರುವ ಕೆಫೀನ್ ಮತ್ತು ಟ್ಯಾನಿನ್ ಹಲವು ಸೂಕ್ಷ್ಮಜೀವಿಗಳಿಗೆ ಮಾರಕ. ಅವನ್ನು ತಾಳಿಕೊಳ್ಳುವ ತಳಿಯನ್ನೇ ಆರಿಸಬೇಕು. ಕೆಲವು ಶಿಲೀಂಧ್ರಗಳು ವಿಷವಸ್ತುಗಳನ್ನೂ ಉತ್ಪಾದಿಸುವುದರಿಂದ ಆಹಾರೋದ್ಯಮಕ್ಕೆ ಸುರಕ್ಷಿತವೆಂದು ದೃಢಪಟ್ಟ ತಳಿಗಳು ಮಾತ್ರ ಯೋಗ್ಯ. ಮನೆಯಂಗಳದಲ್ಲಿ ಕೊಳೆತ ಸಿಪ್ಪೆಯ ಮೇಲಿನ ಬೂಷ್ಟು ಈ ಕೆಲಸಕ್ಕೆ ಬಾರದು.

ತೋಟದ್ದು ತೋಟಕ್ಕೆ

ಸಿಪ್ಪೆ ಸುಲಿದ ಕಾಫಿ ಬೀಜಕ್ಕೆ ಪೆಕ್ಟಿನ್‌ಯುಕ್ತ ಲೋಳೆ ಅಂಟಿರುತ್ತದೆ. ಅದು ಸಹಜವಾಗಿ ಹುದುಗಿ ಕಳಚಿಕೊಳ್ಳಲು ಅರೇಬಿಕಾಕ್ಕೆ ಒಂದೂವರೆ ದಿನ, ರೊಬಸ್ಟಾಕ್ಕೆ ಮೂರು ದಿನದವರೆಗೂ ಹಿಡಿಯುತ್ತದೆ. ಪೆಕ್ಟಿನೇಸ್ ಬಳಸಿದರೆ ಈ ಅವಧಿ ಗಣನೀಯವಾಗಿ ತಗ್ಗುತ್ತದೆ. ಸಿಪ್ಪೆಯ ಮೇಲೆ ಬೆಳೆದ ಕಿಣ್ವವೇ ಬೀಜವನ್ನು ಶುಚಿಗೊಳಿಸಬಲ್ಲದು. ಉಳಿದ ಮುದ್ದೆ ಗೊಬ್ಬರವಾಗಬಲ್ಲದು. ತಟ್ಟೆಯ ಶಾಖವನ್ನು ಕಡಿಮೆ ಖರ್ಚಿನಲ್ಲಿ ತಣಿಸುವ ಸಾಧನ ತೋಟದ ಬಳಿಗೆ ಬಂದರೆ, ಹಳ್ಳ ಸೇರುತ್ತಿದ್ದ ಸಿಪ್ಪೆ ಬೆಳೆಗಾರನಿಗೆ ಆದಾಯವಾಗುವುದು ಅಸಾಧ್ಯವೇನಲ್ಲ.