ತೂಗುಚೆಂಡು: ಎಳೆಯ ಸಾಫ್ಟ್‌ಬಾಲ್ ಬ್ಯಾಟರುಗಳ ಒಂಟಿ ಅಭ್ಯಾಸ

ಏಳು ಇನಿಂಗ್ಸಿನ ಸಾಫ್ಟ್‌ಬಾಲ್ ಪಂದ್ಯದಲ್ಲಿ ಒಬ್ಬ ಬ್ಯಾಟರಿನ ಸರದಿ ಸಾಮಾನ್ಯವಾಗಿ ಮೂರು ನಾಲ್ಕು ಬಾರಿ ಮಾತ್ರ ಬರುತ್ತದೆ. ಶಾಲೆಯ ಮೈದಾನದಲ್ಲಿ ಇಪ್ಪತ್ತು ಮಕ್ಕಳಿಗೆ ಒಬ್ಬರೇ ತರಬೇತುದಾರರಿದ್ದರೆ ಅಭ್ಯಾಸದ ಹೊತ್ತಿನಲ್ಲಿಯೂ ಪ್ರತಿ ಮಗುವಿನ ಪಾಲಿಗೆ ಬರುವ ಚೆಂಡುಗಳು ಬೆರಳೆಣಿಕೆಯಷ್ಟೇ. ಬ್ಯಾಟು ಬೀಸುವುದಾದರೋ ಸಾವಿರಾರು ಸಲ ಮಾಡಿ ಮೈಗೂಡಿಸಿಕೊಳ್ಳಬೇಕಾದ ಕೆಲಸ. ಈ ಕೊರತೆಯನ್ನು ತುಂಬಲು ಹುಟ್ಟಿಕೊಂಡವೇ ಒಂಟಿ ಅಭ್ಯಾಸದ ಸಾಧನಗಳು, ಅಂದರೆ ಎಸೆಯುವವರ ನೆರವಿಲ್ಲದೆ ಮಗು ತಾನೊಂದೇ ಚೆಂಡು ಹೊಡೆಯಲು ಅನುವಾಗುವ ಸಲಕರಣೆಗಳು. ಚೆಂಡನ್ನು ಮೇಲೆ ಕೂರಿಸುವ, ಎತ್ತರ ಹೊಂದಿಸಬಹುದಾದ ರಬ್ಬರಿನ ಗೂಟಕ್ಕೆ ‘ಟೀ’ ಎಂದು ಹೆಸರು. ಕಂಬಕ್ಕೆ ದಾರದಿಂದ ಬಿಗಿದ ಚೆಂಡು ಹೊಡೆದಾಗ ಕಂಬವನ್ನು ಸುತ್ತಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತ ಹಿಂದಿರುಗುವುದು ಇನ್ನೊಂದು ಬಗೆ. ಇವೆಲ್ಲಕ್ಕಿಂತ ಅಗ್ಗವಾದದ್ದು ಹಗ್ಗದಲ್ಲಿ ತೂಗುಬಿಟ್ಟ ಚೆಂಡು.

ಈ ಆಟದ ಹುಟ್ಟೇ ಇಂಥ ಕೈಗೆ ಸಿಕ್ಕಿದ ಸಾಮಗ್ರಿಯಿಂದ ಆದದ್ದೆಂಬುದನ್ನು ಇಲ್ಲಿ ನೆನೆಯಬೇಕು. 1887ರ ನವೆಂಬರಿನಲ್ಲಿ ಷಿಕಾಗೋ ನಗರದ ಫ್ಯಾರಗಟ್ ಬೋಟ್ ಕ್ಲಬ್ಬಿನ ಒಳಾಂಗಣದಲ್ಲಿ ಜಾರ್ಜ್ ಹ್ಯಾಂಕಾಕ್ ಎಂಬಾತನು ಬಾಕ್ಸಿಂಗ್ ಕೈಗವಸೊಂದನ್ನು ದಾರದಿಂದ ಚೆಂಡಿನಂತೆ ಬಿಗಿದು, ಕೋಲಿನಿಂದ ಹೊಡೆಯುವ ಆಟವನ್ನು ಏರ್ಪಡಿಸಿದನು. ಅದೇ ಮುಂದೆ ಸಾಫ್ಟ್‌ಬಾಲ್ ಆಗಿ ಬೆಳೆದು 1996ರಲ್ಲಿ ಮಹಿಳೆಯರ ಒಲಿಂಪಿಕ್ ಸ್ಪರ್ಧೆಯಾಯಿತು. ಚೆಂಡಿನ ಸುತ್ತಳತೆ ಈಗ 30 ಸೆಂಟಿಮೀಟರಿಗೆ ತುಸು ಹೆಚ್ಚು, ತೂಕ 180ರಿಂದ 200 ಗ್ರಾಂ ಆಸುಪಾಸು; ಹೆಸರಿನಲ್ಲಿ ‘ಸಾಫ್ಟ್’ ಉಳಿದಿದ್ದರೂ ಈ ಚೆಂಡು ಮೆದುವಲ್ಲ.

ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನ ಸುತ್ತಮುತ್ತ ಮಕ್ಕಳ ಕೈಗೆ ಮೊದಲು ಬರುವುದು ಕ್ರಿಕೆಟ್ ಬ್ಯಾಟು. ಅನಿಲ್ ಕುಂಬ್ಳೆ ಓದಿದ ನ್ಯಾಷನಲ್ ಹೈಸ್ಕೂಲ್ ಇರುವುದು ಇದೇ ಬಸವನಗುಡಿಯಲ್ಲಿ. ನ್ಯಾಷನಲ್ ಕಾಲೇಜಿನ ಮೈದಾನವೂ ಕೂಗಳತೆಯ ದೂರದಲ್ಲಿದೆ. ಆದ್ದರಿಂದ ಇಲ್ಲಿ ಸಾಫ್ಟ್‌ಬಾಲ್ ಕಲಿಸುವವರು ಕ್ರಿಕೆಟ್ಟನ್ನು ಮರೆಸುವ ಬದಲು ಅದರ ಮೇಲೆಯೇ ಕಟ್ಟುವುದು ಜಾಣತನ. ಬಲಗೈ ಆಟಗಾರರಿಗೆ ಎರಡೂ ಆಟಗಳಲ್ಲಿ ಹಿಡಿಯ ತುದಿಯಲ್ಲಿ ಎಡಗೈ, ಅದಕ್ಕೆ ತಾಗಿ ಬಲಗೈ; ಕ್ರಿಕೆಟ್ಟಿನಲ್ಲಿ ಬ್ಯಾಟು ನೆಲದತ್ತ ಇಳಿದಿರುತ್ತದೆ, ಸಾಫ್ಟ್‌ಬಾಲಿನಲ್ಲಿ ಹೆಗಲಿನ ಹಿಂದೆ ಮೇಲಕ್ಕೆದ್ದಿರುತ್ತದೆ, ಅಷ್ಟೇ ವ್ಯತ್ಯಾಸ. ಅಡ್ಡ ಬ್ಯಾಟಿನ ಹೊಡೆತವೂ ಹೊಸದೇನಲ್ಲ, ಏಕೆಂದರೆ ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ಟನ್ನು ಹಾಡಿ ಹೊಗಳುವ ಊರಿನಲ್ಲಿ ಬ್ಯಾಟು ಅಡ್ಡಲಾಗಿ ಬೀಸುವುದೆಂದರೇನೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬದಲಾಗಬೇಕಾದದ್ದು ಸೊಂಟದ ಕೆಲಸ: ಭಾರ ಹಿಂಗಾಲಿನಿಂದ ಮುಂಗಾಲಿಗೆ ಸಾಗಿ, ಮೊದಲು ಸೊಂಟ, ಅದರ ಬೆನ್ನಿಗೆ ಭುಜ, ಕೊನೆಗೆ ಕೈ ಎಂಬ ಕ್ರಮದಲ್ಲಿ ಮೈ ತಿರುಗಬೇಕು. ಈ ಕ್ರಮವನ್ನು ಮೈಗೂಡಿಸಿಕೊಳ್ಳುವುದಕ್ಕೆ ನಿಂತ ಚೆಂಡಿಗಿಂತ ಒಳ್ಳೆಯ ಗುರುವಿಲ್ಲ.

ತೂಗುಚೆಂಡಿಗೆ ಬೇಕಾದುದೆಲ್ಲ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತದೆ: ಒಂದು ಉದ್ದನೆಯ ಹತ್ತಿಯ ಕಾಲುಚೀಲ, ನಾಲ್ಕೈದು ಮಾರು ನೈಲಾನ್ ಹಗ್ಗ, ಒಂದು ಟೆನಿಸ್ ಚೆಂಡು ಅಥವಾ ಮೆದು ರಬ್ಬರ್ ಚೆಂಡು. ಚೆಂಡನ್ನು ಕಾಲುಚೀಲದ ತುದಿಗೆ ತಳ್ಳಿ, ಅದರ ಕತ್ತಿಗೆ ಹಗ್ಗವನ್ನು ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿ, ಹಿತ್ತಿಲಿನ ಮರದ ಗಟ್ಟಿ ಕೊಂಬೆಗೆ ಕಟ್ಟಿದರೆ ಆಯಿತು. ಹಳೆಯ ಮನೆಗಳ ಪಡಸಾಲೆಯಲ್ಲಿ ಉಯ್ಯಾಲೆಗೆಂದು ಬಿಟ್ಟ ಕೊಂಡಿ ಇದ್ದರೆ ಅದೂ ಆದೀತು, ಸುತ್ತ ಗಾಜು ಇಲ್ಲದಿದ್ದರೆ. ಹಗ್ಗದ ಮೇಲ್ತುದಿಯಲ್ಲಿ ಕುಣಿಕೆ ಬಿಟ್ಟುಕೊಳ್ಳುವುದು ಮುಖ್ಯ, ಏಕೆಂದರೆ ಎತ್ತರವನ್ನು ಆಗಾಗ ಬದಲಿಸಬೇಕಾಗುತ್ತದೆ. ‘ಸ್ಟ್ರೈಕ್ ವಲಯ’ವೆಂದರೆ ಬ್ಯಾಟರಿನ ಪಕ್ಕದಲ್ಲಿ ನೆಲದ ಮೇಲಿರುವ ಹೋಂ ಪ್ಲೇಟ್ ಎಂಬ ಫಲಕದ ಮೇಲೆ, ಬ್ಯಾಟರಿನ ಎದೆಗೂ ಮೊಣಕಾಲಿಗೂ ನಡುವಿನ ಜಾಗ, ಅದರ ಮೂಲಕ ಹಾದುಹೋದ ಚೆಂಡನ್ನು ಹೊಡೆಯದೆ ಬಿಟ್ಟರೆ ಅದು ಬ್ಯಾಟರಿನ ವಿರುದ್ಧ ಎಣಿಕೆಯಾಗುತ್ತದೆ. ತೂಗುಚೆಂಡನ್ನು ಒಂದು ದಿನ ಮೊಣಕಾಲಿನ ಮಟ್ಟದಲ್ಲಿ, ಒಂದು ದಿನ ಸೊಂಟದ ಮಟ್ಟದಲ್ಲಿ, ಇನ್ನೊಂದು ದಿನ ಎದೆಯ ಮಟ್ಟದಲ್ಲಿ ಕಟ್ಟಿದರೆ ಆ ಇಡೀ ವಲಯ ಮಗುವಿಗೆ ಪರಿಚಯವಾಗುತ್ತದೆ.

ಈ ಸಾಧನದ ನಿಜವಾದ ಗುಣ ಹಗ್ಗದ ವರ್ತನೆಯಲ್ಲಿದೆ. ಬ್ಯಾಟು ಚೆಂಡಿನ ನಡುಮಧ್ಯಕ್ಕೆ ತಾಗಿದರೆ ಹಗ್ಗ ಬಿಗಿಯಾಗಿಯೇ ಉಳಿದು, ಚೆಂಡು ನೇರವಾಗಿ ಮುಂದೆ ಹೋಗಿ ಅದೇ ಗೆರೆಯಲ್ಲಿ ಹಿಂದೆ ಬರುತ್ತದೆ. ಕೆಳಭಾಗಕ್ಕೆ ತಾಗಿದರೆ ಚೆಂಡು ಮೇಲಕ್ಕೆ ಚಿಮ್ಮಿ, ಹಗ್ಗ ಒಂದು ಕ್ಷಣ ಸಡಿಲಗೊಂಡು, ಆಮೇಲೆ ಝಾಡಿಸಿದಂತೆ ಬಿಗಿಯುತ್ತದೆ. ಮೈದಾನದಲ್ಲಾಗಿದ್ದರೆ ಅದು ಸುಲಭದ ಕ್ಯಾಚು. ಮೇಲ್ಭಾಗಕ್ಕೆ ತಾಗಿದರೆ ಕೆಳಗೆ ಹೋಗಲು ಹಗ್ಗ ಬಿಡದ ಕಾರಣ ಕೊಂಬೆಯೇ ಅದುರುತ್ತದೆ. ಪಕ್ಕಕ್ಕೆ ಸವರಿದರೆ ಚೆಂಡು ಸುತ್ತು ಹಾಕುತ್ತ ತೂಗುತ್ತದೆ. ಹೀಗೆ ಪ್ರತಿ ಹೊಡೆತದ ತಪ್ಪು ಒಪ್ಪುಗಳನ್ನು ಹಗ್ಗವೇ ಹೇಳಿಬಿಡುವುದರಿಂದ, ಯಾರೂ ಪಕ್ಕದಲ್ಲಿ ನಿಂತು ತಿದ್ದದಿದ್ದರೂ ಹತ್ತು ವರ್ಷದ ಮಗು ತಾನೇ ನೋಡಿ ತಿದ್ದಿಕೊಳ್ಳಬಲ್ಲುದು. ದುಬಾರಿ ಸಲಕರಣೆಗಳಲ್ಲಿ ಎಷ್ಟೋ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ.

ಟೀ ಇನ್ನೊಂದು ಪಾಠಕ್ಕೆ ಒದಗುತ್ತದೆ. ಮೈಗೆ ಹತ್ತಿರದ ಚೆಂಡನ್ನು ಮುಂಗಾಲಿಗಿಂತ ಮುಂದೆಯೇ ತಾಗಿಸಬೇಕು, ದೂರದ ಚೆಂಡನ್ನು ಇನ್ನಷ್ಟು ಹಿಂದಕ್ಕೆ ಬರಗೊಟ್ಟು ತಾಗಿಸಬೇಕು ಎಂಬುದನ್ನು ಗೂಟದ ಜಾಗ ಬದಲಿಸಿ ತೋರಿಸಬಹುದು; ಎದುರಿಗೆ ಹಳೆಯ ಜಮಖಾನವನ್ನು ಇಳಿಬಿಟ್ಟರೆ ಚೆಂಡು ಬೀದಿಗೆ ಹೋಗುವುದಿಲ್ಲ.

ಆದರೆ ಈ ಸಾಧನಗಳು ಏನನ್ನು ಕಲಿಸಲಾರವು ಎಂಬುದೇ ತಂದೆತಾಯಂದಿರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ. ಎರಡು ಮೀಟರ್ ಉದ್ದದ ಹಗ್ಗದ ತುದಿಯ ಚೆಂಡು ಸಣ್ಣ ತೂಗಿನಲ್ಲಿ ಒಮ್ಮೆ ಹೋಗಿಬರಲು ಸುಮಾರು 2.8 ಸೆಕೆಂಡು ಹಿಡಿಯುತ್ತದೆ. ಅರ್ಧ ಮೀಟರ್ ಎತ್ತರದಿಂದ ಇಳಿದುಬಂದರೂ ತಳದಲ್ಲಿ ಅದರ ವೇಗ ಗಂಟೆಗೆ 11 ಕಿಲೋಮೀಟರಷ್ಟೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 12 ಮೀಟರ್ ದೂರದಿಂದ ಬರುವ ಎಸೆತವಾದರೋ ಮುಕ್ಕಾಲು ಸೆಕೆಂಡಿನೊಳಗೆ ಬ್ಯಾಟರನ್ನು ಮುಟ್ಟುತ್ತದೆ. ವೇಗದ ಅಂತರಕ್ಕಿಂತಲೂ ಕೆಟ್ಟದ್ದು ಚಲನೆಯ ರೀತಿ: ತೂಗುವ ಚೆಂಡು ಹತ್ತಿರ ಬರುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ, ಎಸೆದ ಚೆಂಡು ಗಾಳಿಯ ತಡೆಯಿಂದ ವೇಗ ಕಳೆದುಕೊಳ್ಳುತ್ತ ಬರುತ್ತದೆ. ಆದ್ದರಿಂದ ತೂಗುತ್ತಿರುವ ಚೆಂಡನ್ನು ಟಕಟಕನೆ ಬಾರಿಸುತ್ತ ಹೋಗುವ ರೂಢಿ, ಅದು ಎಷ್ಟೇ ಖುಷಿ ಕೊಟ್ಟರೂ, ಸಾಫ್ಟ್‌ಬಾಲ್ ಕಲಿಯುವ ಕಣ್ಣಿಗೆ ತಪ್ಪು ಲೆಕ್ಕವನ್ನು ಕಲಿಸುತ್ತದೆ. ಪ್ರತಿ ಹೊಡೆತದ ಬಳಿಕ ಚೆಂಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ, ಕಾಲು ಜೋಡಿಸಿಕೊಂಡು, ಮತ್ತೆ ಹೊಡೆಯುವುದೇ ಸರಿ; ಇಪ್ಪತ್ತು ಇಪ್ಪತ್ತೈದು ಹೊಡೆತಗಳಾದ ಮೇಲೆ ವಿರಾಮ ಬೇಕು, ದಣಿದ ತೋಳು ಕಲಿಯುವುದು ದಣಿದ ಬೀಸನ್ನೇ. ಕ್ರಿಕೆಟ್ಟಿನ ಎಳೆಯ ಬ್ಯಾಟರುಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಬೌಲರಿನ ಬದಲು ಯಂತ್ರದ ಎದುರು ಆಡಿದಾಗ ಅವರು ಹೆಜ್ಜೆಯಿಡುವ ಮತ್ತು ಬ್ಯಾಟು ಎತ್ತುವ ಹೊತ್ತೇ ಬದಲಾಗುವುದು ಕಂಡುಬಂದಿದೆ. ಎಸೆಯುವವರ ತೋಳನ್ನು ನೋಡಿ ಮುಂಚಿತವಾಗಿ ಊಹಿಸುವ ಕಲೆ ಯಾವ ಹಗ್ಗಕ್ಕೂ ಗೂಟಕ್ಕೂ ಸಿಕ್ಕುವಂಥದ್ದಲ್ಲ.

ಹಾಗಿದ್ದರೂ ಒಂಟಿ ಅಭ್ಯಾಸವೂ ಕಣ್ಣನ್ನು ಚುರುಕಾಗಿಸಬಲ್ಲುದೆಂಬುದಕ್ಕೆ ಕ್ರಿಕೆಟಿಗ ಡಾನ್ ಬ್ರಾಡ್ಮನ್ನರ ಬಾಲ್ಯ ಸಾಕ್ಷಿ. ಆಸ್ಟ್ರೇಲಿಯದ ಬೌರಲ್ ಊರಿನ ಮನೆಯಲ್ಲಿ ನೀರಿನ ತೊಟ್ಟಿಯ ಇಟ್ಟಿಗೆಯ ಬುಡಕ್ಕೆ ಗಾಲ್ಫ್ ಚೆಂಡನ್ನು ಎಸೆದು, ಅದು ಹೇಗೆಂದರೆ ಹಾಗೆ ಪುಟಿದು ಬಂದಾಗ ಒಂದು ಸ್ಟಂಪಿನಿಂದ ಹೊಡೆಯುವುದು ಬಾಲಕ ಬ್ರಾಡ್ಮನ್ನರ ಆಟವಾಗಿತ್ತು. ತೂಗುಚೆಂಡಿಗೂ ಇದಕ್ಕೂ ಇರುವ ಭೇದ ಗಮನಾರ್ಹ: ಬ್ರಾಡ್ಮನ್ನರ ಆಟದಲ್ಲಿ ಚೆಂಡು ಎತ್ತ ಬರುವುದೆಂದು ಮೊದಲೇ ತಿಳಿಯುವುದಿಲ್ಲ. ಬಸವನಗುಡಿಯ ಕಾಂಪೌಂಡು ಗೋಡೆಯೂ, ಒಂದು ರಬ್ಬರ್ ಚೆಂಡೂ, ಪೊರಕೆಯ ಕೋಲೂ ಇದ್ದರೆ ಅಂಥ ಆಟ ಇಲ್ಲಿಯೂ ನಡೆದೀತು, ನೆರೆಮನೆಯವರ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ.

ಸುರಕ್ಷತೆಯ ವಿಷಯದಲ್ಲಿ ಸಡಿಲಿಕೆ ಸಲ್ಲದು. ಕಾಲುಚೀಲದ ನೂಲು ಸವೆದಿದೆಯೇ, ಗಂಟು ಜಾರಿದೆಯೇ ಎಂದು ದಿನವೂ ನೋಡಬೇಕು. ರಬ್ಬರ್ ದಾರದ ಸಾಧನಗಳಲ್ಲಿ ಚೆಂಡು ಮುಖದತ್ತ ಹಾರಿ ಬರುವುದುಂಟಾದ್ದರಿಂದ ಹೆಲ್ಮೆಟ್ ಇಲ್ಲದೆ ಅವುಗಳ ಬಳಿ ಹೋಗಬಾರದು. ತಮ್ಮನೋ ತಂಗಿಯೋ ಬ್ಯಾಟಿನ ಬೀಸಿಗೆ ಸಿಕ್ಕುವಷ್ಟು ಹತ್ತಿರ ಬಂದರೆ ಆಟ ನಿಲ್ಲಬೇಕು.

ಒಂಟಿ ಅಭ್ಯಾಸದ ಕೊನೆಯ ಹತ್ತು ನಿಮಿಷ ಮನೆಯ ಹಿರಿಯರೊಬ್ಬರದು. ನಾಲ್ಕೈದು ಮೀಟರ್ ದೂರದಲ್ಲಿ, ಪರದೆಯ ಮರೆಯಲ್ಲಿ ಕೂತು, ಟೆನಿಸ್ ಚೆಂಡನ್ನು ಕೆಳಗೈಯಿಂದ ಮೆಲ್ಲಗೆ ಎಸೆದುಕೊಟ್ಟರೆ ಸಾಕು, ಅದಕ್ಕೆ ಆಟದ ಪರಿಣತಿ ಬೇಕಿಲ್ಲ. ಹತ್ತರಲ್ಲಿ ಮೂರನ್ನು ಬೇಕೆಂದೇ ಸ್ಟ್ರೈಕ್ ವಲಯದ ಆಚೆಗೆ ಎಸೆಯಬೇಕು. ಮಗು ಅವನ್ನು ಹೊಡೆಯದೆ ಬಿಟ್ಟಾಗ, ಚೆನ್ನಾಗಿ ಹೊಡೆದ ಚೆಂಡುಗಳ ಜೊತೆಗೆ ಅವನ್ನೂ ಸೇರಿಸಿ ಎಣಿಸಬೇಕು.