ಜನಸಂದಣಿಯಲ್ಲಿ ದ್ವಿಮುಖ ರೇಡಿಯೋ

ಕುರುಗೋಡು ಬಳ್ಳಾರಿ ಜಿಲ್ಲೆಯ ಒಂದು ಪುರಾತನ ಪಟ್ಟಣ. ಕಗ್ಗಲ್ಲಿನ ಬೆಟ್ಟಗಳ ಮಗ್ಗುಲಲ್ಲಿ ನೆಲೆಸಿರುವ ಈ ಊರು ಒಂದು ಕಾಲದಲ್ಲಿ ಸಿಂದ ಮನೆತನದ ಅರಸರ ರಾಜಧಾನಿಯಾಗಿತ್ತು. ಇಲ್ಲಿಯ ದೊಡ್ಡಬಸವೇಶ್ವರ ದೇವಾಲಯದಲ್ಲಿರುವ ಬೃಹದಾಕಾರದ ಬಸವಣ್ಣನ ವಿಗ್ರಹವು ಸುತ್ತಲಿನ ನಾಡಿನಲ್ಲೆಲ್ಲ ಹೆಸರಾದುದು. ಪ್ರತಿವರ್ಷ ಹೋಳಿಹುಣ್ಣಿಮೆಯ ಹೊತ್ತಿಗೆ ಇಲ್ಲಿ ರಥೋತ್ಸವ ಜರುಗುತ್ತದೆ. ಬಳ್ಳಾರಿ, ಸಿರುಗುಪ್ಪ, ಕಂಪ್ಲಿಗಳ ಕಡೆಯಿಂದ ಜನರು ತಂಡತಂಡವಾಗಿ ಬಂದು ಸೇರುತ್ತಾರೆ. ತೇರು ಹೊರಡುವ ಹೊತ್ತಿಗೆ ಬೀದಿಯಲ್ಲಿ ಕಾಲಿಡಲೂ ಎಡೆ ಸಿಕ್ಕುವುದು ಕಷ್ಟ.

ಜಾತ್ರೆಯ ಸಂಭ್ರಮವನ್ನು ಬಲ್ಲವರು ಅದರ ಅಪಾಯವನ್ನೂ ಬಲ್ಲರು. ಕಲಶದತ್ತ ಉತ್ತತ್ತಿ, ಬಾಳೆಹಣ್ಣುಗಳನ್ನು ಎಸೆಯುವ ಭಕ್ತರ ದೃಷ್ಟಿ ಮೇಲಕ್ಕಿರುತ್ತದೆ. ಕಾಲ ಬಳಿ ಏನು ನಡೆಯುತ್ತಿದೆಯೆಂಬುದು ಅವರಿಗೆ ಕಾಣದು. ಹಗ್ಗ ಹಿಡಿದು ಎಳೆಯುವವರು ಮುಂದಿರುತ್ತಾರೆ. ಚಕ್ರಕ್ಕೆ ಮರದ ದಿಮ್ಮಿಯನ್ನು ಅಡ್ಡವಿಟ್ಟು ತೇರನ್ನು ತಡೆಯುವವರು ಹಿಂದಿರುತ್ತಾರೆ. ನಡುವೆ ವಾದ್ಯಗಳ ಘೋಷ, ಜನರ ಜಯಕಾರ. ಮುಂದಿನವರು ಎಡವಿ ಬಿದ್ದುದು ಹಿಂದಿನವರಿಗೆ ತಿಳಿಯುವುದಿಲ್ಲ. ತಿಳಿಯದ ಹಿಂದಿನವರು ಮುನ್ನುಗ್ಗುವುದನ್ನು ನಿಲ್ಲಿಸುವುದಿಲ್ಲ. ಜನಸಂದಣಿ ಎಲ್ಲಿಯೇ ಸೇರಲಿ, ಅದರ ಸ್ವಭಾವ ಇದೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಒಂದೆಡೆಯಲ್ಲಿ ಕಂಡ ಅಪಾಯದ ಸುದ್ದಿ ಮತ್ತೊಂದೆಡೆಗೆ ಕ್ಷಣಾರ್ಧದಲ್ಲಿ ಮುಟ್ಟುವುದು ಎಷ್ಟು ಅಗತ್ಯವೆಂಬುದನ್ನು ಇಂತಹ ದುರಂತಗಳು ನೆನಪಿಸುತ್ತವೆ.

ಹಿಂದಿನ ಕಾಲದಲ್ಲಿ ಈ ಕೆಲಸವನ್ನು ಕಹಳೆ, ನಗಾರಿಗಳು ಮಾಡುತ್ತಿದ್ದವು. ಸುದ್ದಿ ಮುಟ್ಟಿಸಲು ಓಡುವ ಆಳುಗಳೂ ಇರುತ್ತಿದ್ದರು. ಅನಂತರ ಧ್ವನಿವರ್ಧಕ ಬಂದಿತು. ಅದು ಸಾವಿರಾರು ಜನರಿಗೆ ಒಮ್ಮೆಗೇ ಕೇಳಿಸುವುದೇನೋ ನಿಜ; ಆದರೆ ಅದಕ್ಕೆ ಬಾಯಿ ಉಂಟು, ಕಿವಿ ಇಲ್ಲ. ಹೇಳಿದ ಮಾತು ತಲುಪಿತೋ ಇಲ್ಲವೋ ಎಂಬುದನ್ನು ಅದು ತಿಳಿಸಲಾರದು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಮೊಬೈಲ್ ದೂರವಾಣಿ ಇದೆಯಷ್ಟೆ. ಅದೇ ಸಾಲದೆ ಎಂಬ ಪ್ರಶ್ನೆ ಸಹಜ. ಮೊಬೈಲಿನ ಮಾತು ನೇರವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ; ಸಮೀಪದ ಗೋಪುರವನ್ನು ಮುಟ್ಟಿ, ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ಒಂದು ಗೋಪುರವು ಏಕಕಾಲದಲ್ಲಿ ನಿರ್ವಹಿಸಬಲ್ಲ ಕರೆಗಳಿಗೆ ಮಿತಿಯುಂಟು. ಸಾವಿರಾರು ಜನ ಒಂದೇ ಕಡೆ ನೆರೆದು, ಕರೆ ಮಾಡುತ್ತ, ಚಿತ್ರಗಳನ್ನು ಕಳುಹಿಸುತ್ತ ಇರುವಾಗ ಆ ಮಿತಿ ಬೇಗನೆ ಮುಟ್ಟಿಬಿಡುತ್ತದೆ. ಅಲ್ಲದೆ ಮೊಬೈಲಿನಲ್ಲಿ ಸಾಮಾನ್ಯವಾಗಿ ಒಬ್ಬರು ಒಬ್ಬರೊಡನೆ ಮಾತನಾಡುತ್ತಾರೆ. ಹತ್ತು ಕಡೆ ನಿಂತ ಹತ್ತು ಮಂದಿಗೆ ಒಂದೇ ಮಾತನ್ನು ತಿಳಿಸಬೇಕಾದರೆ ಹತ್ತು ಕರೆಗಳು ಬೇಕು. ಅಪಾಯವು ಅಷ್ಟು ಹೊತ್ತು ಕಾಯುವುದಿಲ್ಲ.

ಈ ಕೊರತೆಯನ್ನು ನೀಗುವ ಉಪಕರಣವೇ ದ್ವಿಮುಖ ರೇಡಿಯೋ. ವಾಕಿಟಾಕಿ ಎಂಬುದು ಇದರ ಬಳಕೆಯ ಹೆಸರು. ಜಾತ್ರೆಯ ಬಂದೋಬಸ್ತಿಗೆ ನಿಂತ ಪೊಲೀಸರ ಕೈಯಲ್ಲಿ ಇದನ್ನು ನೋಡದವರು ವಿರಳ. ಮನೆಯ ರೇಡಿಯೋ ಕೇವಲ ಗ್ರಾಹಕ. ಅದು ಅಲೆಗಳನ್ನು ಹಿಡಿದು ಧ್ವನಿಯನ್ನು ಕೇಳಿಸುತ್ತದೆ. ದ್ವಿಮುಖ ರೇಡಿಯೋದಲ್ಲಿ ಗ್ರಾಹಕದ ಜೊತೆಗೆ ಪ್ರೇಷಕವೂ ಇದೆ. ಆದುದರಿಂದ ಅದು ಕೇಳಿಸುವುದಲ್ಲದೆ ಹೇಳಲೂ ಬಲ್ಲುದು.

ಇಂತಹ ಉಪಕರಣವು ಒಂದೇ ದಿನದಲ್ಲಿ ಸಿದ್ಧವಾದುದಲ್ಲ. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು ತಮ್ಮ ಮೋಟಾರುಗಳಲ್ಲಿ ರೇಡಿಯೋವನ್ನು ಬಳಸತೊಡಗಿದರು. ಠಾಣೆಯ ಆದೇಶ ಅವರಿಗೆ ಕೇಳಿಸುತ್ತಿತ್ತು. ಆದರೆ ಮೋಟಾರಿನಿಂದ ಉತ್ತರ ಕೊಡುವ ಮಾರ್ಗವಿರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೆಯಾನ್ ಎಂಬ ಊರಿನ ಪೊಲೀಸ್ ವಾಹನಗಳಿಗೆ ಮರುನುಡಿಯುವ ರೇಡಿಯೋ ದೊರೆಯಿತು. 1937ರಲ್ಲಿ ಕೆನಡಾದ ಡೊನಾಲ್ಡ್ ಹಿಂಗ್ಸ್ ಎಂಬಾತನು ಹೊತ್ತೊಯ್ಯಬಹುದಾದ ದ್ವಿಮುಖ ರೇಡಿಯೋವೊಂದನ್ನು ರಚಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರು ಬೆನ್ನಿಗೆ ಕಟ್ಟಿಕೊಳ್ಳುವ ಹಾಗೂ ಕೈಯಲ್ಲಿ ಹಿಡಿಯುವ ರೇಡಿಯೋಗಳು ಬಳಕೆಗೆ ಬಂದವು. ಭಾರತದಲ್ಲಿ ರಕ್ಷಣಾ ಪಡೆಗಳಿಗೆ ಬೇಕಾದ ಇಂತಹ ಉಪಕರಣಗಳ ತಯಾರಿಕೆಗಾಗಿ 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಯುದ್ಧಭೂಮಿಗೆಂದು ಬೆಳೆದ ಉಪಕರಣವು ಮುಂದೆ ಜನರನ್ನು ಕಾಯುವ ಕೆಲಸಕ್ಕೂ ನೆರವಾಯಿತು.

ದ್ವಿಮುಖ ರೇಡಿಯೋ ಕೆಲಸ ಮಾಡುವ ಕ್ರಮ ಸರಳವಾದುದು. ಮಾತನಾಡುವವರು ಉಪಕರಣದ ಪಕ್ಕದಲ್ಲಿರುವ ಗುಂಡಿಯನ್ನು ಒತ್ತುತ್ತಾರೆ. ಮಾತಿನ ಕಂಪನಗಳನ್ನು ಧ್ವನಿಗ್ರಾಹಕವು ವಿದ್ಯುತ್ತಿನ ಏರಿಳಿತಗಳನ್ನಾಗಿ ಮಾರ್ಪಡಿಸುತ್ತದೆ. ಪ್ರೇಷಕವು ಆ ಏರಿಳಿತಗಳನ್ನು ರೇಡಿಯೋ ಅಲೆಗಳ ಮೇಲೆ ಮೂಡಿಸಿ ಆಂಟೆನಾದ ಮೂಲಕ ಹೊರಕ್ಕೆ ಕಳುಹಿಸುತ್ತದೆ. ಈ ಅಲೆಗಳು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ವೇಗದಲ್ಲಿ ಸಾಗುತ್ತವೆ. ಅದೇ ಆವೃತ್ತಿಗೆ, ಎಂದರೆ ಸೆಕೆಂಡಿಗೆ ಅಷ್ಟೇ ಸಂಖ್ಯೆಯ ಕಂಪನಗಳಿಗೆ ಹೊಂದಿಸಿಟ್ಟ ಎಲ್ಲ ರೇಡಿಯೋಗಳೂ ಅವುಗಳನ್ನು ಏಕಕಾಲದಲ್ಲಿ ಹಿಡಿದು ಮತ್ತೆ ಧ್ವನಿಯನ್ನಾಗಿ ಮಾರ್ಪಡಿಸುತ್ತವೆ. ನಡುವೆ ಗೋಪುರದ ಹಂಗಿಲ್ಲ. ಹತ್ತು ಮಂದಿಗೆ ಹೇಳಬೇಕಾದುದನ್ನು ಒಮ್ಮೆ ಹೇಳಿದರೆ ಸಾಕು.

ಗುಂಡಿಯನ್ನು ಒತ್ತಿ ಹಿಡಿಯುವುದೇಕೆ? ಸಾಮಾನ್ಯವಾದ ಕೈ ರೇಡಿಯೋದಲ್ಲಿ ಹೇಳುವುದಕ್ಕೂ ಕೇಳುವುದಕ್ಕೂ ಇರುವುದು ಒಂದೇ ಆವೃತ್ತಿ, ಒಂದೇ ಆಂಟೆನಾ. ಪ್ರೇಷಕದಿಂದ ಹೊರಡುವ ಅಲೆಗಳು ಪ್ರಬಲ. ದೂರದಿಂದ ಬರುವ ಅಲೆಗಳು ಅತಿ ಕ್ಷೀಣ. ಗಟ್ಟಿಯಾಗಿ ಕೂಗುತ್ತಿರುವವನಿಗೆ ದೂರದ ಪಿಸುಮಾತು ಕೇಳಿಸುವುದುಂಟೆ? ಆದುದರಿಂದ ಗುಂಡಿ ಒತ್ತಿದಾಗ ಉಪಕರಣವು ಹೇಳುತ್ತದೆ, ಬಿಟ್ಟಾಗ ಕೇಳುತ್ತದೆ; ಎರಡನ್ನೂ ಒಟ್ಟಿಗೆ ಮಾಡಲಾರದು. ಒಬ್ಬರು ಗುಂಡಿಯನ್ನು ಒತ್ತಿರುವವರೆಗೆ ಆ ದಾರಿ ಅವರದೇ. ಅದೇ ಗಳಿಗೆಯಲ್ಲಿ ಇನ್ನೊಬ್ಬರೂ ಒತ್ತಿದರೆ ಇಬ್ಬರ ಮಾತೂ ಕಲಸಿಹೋಗುತ್ತದೆ, ಇಲ್ಲವೆ ಪ್ರಬಲವಾದ ಧ್ವನಿ ಮಾತ್ರ ಕೇಳಿಸಿ ಕ್ಷೀಣವಾದುದು ಅಡಗಿಹೋಗುತ್ತದೆ. ಹಾಗೆ ಅಡಗಿಹೋದ ಮಾತು ಸಹಾಯಕ್ಕಾಗಿ ಕರೆದ ಕರೆಯೂ ಆಗಿರಬಹುದು.

ಈ ಅಲೆಗಳಿಗೂ ಮಿತಿಯುಂಟು. ಬಹುಮಟ್ಟಿಗೆ ಇವು ನೇರವಾಗಿ ಸಾಗುತ್ತವೆ. ಕೈ ರೇಡಿಯೋದ ಮಾತು ಬಯಲಿನಲ್ಲಿ ಕೆಲವು ಕಿಲೋಮೀಟರು ಮುಟ್ಟಿದರೂ, ಕಟ್ಟಡಗಳು ಕಿಕ್ಕಿರಿದ ಕಡೆ ಬಹಳ ಬೇಗ ಸೊರಗುತ್ತದೆ. ಕುರುಗೋಡಿನಂತಹ ಊರಿನಲ್ಲಿ ಕಗ್ಗಲ್ಲಿನ ಬೆಟ್ಟವೊಂದು ನಡುವೆ ನಿಂತರೆ ಆಚೆಯವರಿಗೆ ಈಚೆಯ ಮಾತು ಕೇಳಿಸದೆ ಹೋಗಬಹುದು. ಆದರೆ ಅಡ್ಡಿಯಾಗುವ ಎತ್ತರವೇ ಸಹಾಯಕವೂ ಆಗಬಲ್ಲುದು. ಎರಡೂ ಕಡೆ ಕಾಣುವ ಎತ್ತರದ ಜಾಗದಲ್ಲಿ ಒಬ್ಬರು ರೇಡಿಯೋ ಹಿಡಿದು ನಿಂತು, ಒಂದು ಕಡೆಯ ಮಾತನ್ನು ಮತ್ತೊಂದು ಕಡೆಗೆ ಒಪ್ಪಿಸಿದರೆ ಸಂಪರ್ಕ ಉಳಿಯುತ್ತದೆ. ಮನುಷ್ಯನ ದೇಹವೂ ಅಲೆಗಳನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುವುದರಿಂದ, ಮಾತನಾಡುವಾಗ ಉಪಕರಣವನ್ನು ಸೊಂಟದಿಂದ ತೆಗೆದು, ಆಂಟೆನಾ ನೆಟ್ಟಗಿರುವಂತೆ ಮುಖದ ಮುಂದೆ ಹಿಡಿಯುವುದು ಉತ್ತಮ.

ಉಪಕರಣ ಚೆನ್ನಾಗಿದ್ದ ಮಾತ್ರಕ್ಕೆ ಸಂದೇಶ ಚೆನ್ನಾಗಿ ಮುಟ್ಟುತ್ತದೆಂದು ಹೇಳಲಾಗದು. ಗುಂಡಿ ಒತ್ತಿದ ಕೂಡಲೇ ಮಾತನಾಡಿದರೆ ಮೊದಲ ಅಕ್ಷರಗಳು ಕತ್ತರಿಸಿಹೋಗುತ್ತವೆ. ಮಾತು ಮುಗಿಯುವ ಮುನ್ನ ಬೆರಳು ತೆಗೆದರೆ ಕೊನೆಯ ಅಕ್ಷರಗಳು ಕಳೆದುಹೋಗುತ್ತವೆ. ಕನ್ನಡದಲ್ಲಿ ಎರಡನೆಯದು ಹೆಚ್ಚು ಅಪಾಯಕಾರಿ. ಏಕೆಂದರೆ ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ನಿಷೇಧವು ಆ ಕ್ರಿಯಾಪದದ ತುದಿಯಲ್ಲಿ ಬರುತ್ತದೆ. ‘ಹಗ್ಗ ಎಳೆಯಬೇಡಿ’ ಎಂಬ ಮಾತಿನ ತುದಿ ಕತ್ತರಿಸಿದರೆ ‘ಹಗ್ಗ ಎಳೆಯ’ ಎಂಬಷ್ಟೇ ಉಳಿಯುತ್ತದೆ. ಗದ್ದಲದಲ್ಲಿ ಅದನ್ನು ಕೇಳಿದವರು ಎಳೆಯಿರೆಂದೇ ತಿಳಿಯುವ ಸಂಭವವುಂಟು. ಎರಡು ಅಕ್ಷರ ಕಳೆದುದರಿಂದ ಆದೇಶವೇ ತಲೆಕೆಳಗಾಗುತ್ತದೆ. ಆದುದರಿಂದ ನಿಷೇಧದ ರೂಪಕ್ಕೆ ಬದಲಾಗಿ ಬೇರೆಯೇ ಆದ ಪದವನ್ನು ಬಳಸಬೇಕು. ಮಾಡಬೇಕಾದ ಕೆಲಸವನ್ನು ಮೊದಲೇ ಹೇಳಬೇಕು. ‘ನಿಲ್ಲಿಸಿ, ನಿಲ್ಲಿಸಿ, ತೇರಿನ ಬಲಚಕ್ರದ ಬಳಿ ಒಬ್ಬರು ಬಿದ್ದಿದ್ದಾರೆ’ ಎಂದರೆ ತುದಿ ಕತ್ತರಿಸಿದರೂ ಮುಖ್ಯವಾದುದು ಮುಟ್ಟಿರುತ್ತದೆ. ಕೇಳಿದವರು ಅದನ್ನು ಹಾಗೆಯೇ ಮರಳಿ ನುಡಿದರೆ ಮುಟ್ಟಿತೆಂಬುದೂ ಖಚಿತವಾಗುತ್ತದೆ.

ಕಾಣೆಯಾದ ಮಗುವನ್ನು ಹುಡುಕುವ ಸಂದರ್ಭವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದೇವಾಲಯದ ಮಹಾದ್ವಾರದ ಬಳಿ ನಿಂತ ಸ್ವಯಂಸೇವಕನೊಬ್ಬನು ಬಸ್ ನಿಲ್ದಾಣದಲ್ಲಿರುವವನನ್ನು ಹೀಗೆ ಕರೆಯುತ್ತಾನೆ:

“ಬಸ್ ನಿಲ್ದಾಣ, ಬಸ್ ನಿಲ್ದಾಣ, ಇದು ಮಹಾದ್ವಾರ. ಓವರ್.”

“ಮಹಾದ್ವಾರ, ಇದು ಬಸ್ ನಿಲ್ದಾಣ. ಹೇಳಿ. ಓವರ್.”

“ಹುಡುಕಿ: ಆರು ವರ್ಷದ ಬಾಲಕಿ. ಹಸಿರು ಲಂಗ, ಹಳದಿ ರವಿಕೆ. ಹತ್ತು ನಿಮಿಷದ ಹಿಂದೆ ತೇರಿನ ಬಳಿ ತಪ್ಪಿಸಿಕೊಂಡಿದ್ದಾಳೆ. ಓವರ್.”

“ಆರು ವರ್ಷದ ಬಾಲಕಿ, ಹಸಿರು ಲಂಗ, ಹಳದಿ ರವಿಕೆ. ಹುಡುಕುತ್ತೇವೆ. ಓವರ್.”

ಮೊದಲು ಕರೆಯಬೇಕಾದವರ ಹೆಸರು, ಬಳಿಕ ಕರೆಯುವವರ ಹೆಸರು; ವ್ಯಕ್ತಿಗಳ ಹೆಸರಿಗೆ ಬದಲು ಅವರು ನಿಂತ ಸ್ಥಳದ ಹೆಸರು. ಮಾತು ಮುಗಿಯಿತು, ಇನ್ನು ಉತ್ತರ ಬರಲಿ ಎಂಬುದಕ್ಕೆ ‘ಓವರ್’ ಎಂಬ ಸಂಕೇತ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಂದೇಶದಲ್ಲಿ ಬಾಲಕಿಯ ಹೆಸರನ್ನು ಹೇಳಿಲ್ಲ. ರೇಡಿಯೋದ ಮಾತು ಗುಟ್ಟಿನ ಮಾತಲ್ಲ. ಅದೇ ಆವೃತ್ತಿಗೆ ಉಪಕರಣವನ್ನು ಹೊಂದಿಸಿದ ಅಪರಿಚಿತನೂ ಅದನ್ನು ಕೇಳಬಲ್ಲನು. ಹೆಸರು ಹಿಡಿದು ಕರೆದವರ ಹಿಂದೆ ಮಗುವು ನಂಬಿ ಹೋಗಿಬಿಡುತ್ತದೆ. ಆದುದರಿಂದ ಗುರುತು ಹಿಡಿಯಲು ಬೇಕಾದಷ್ಟನ್ನು ಮಾತ್ರ ಹೇಳಿ, ಹೆಸರನ್ನು ತಡೆದಿಟ್ಟುಕೊಳ್ಳುವುದು ವಿವೇಕ. ಮಗು ಸಿಕ್ಕಿದ ಮೇಲೆ, ಕರೆದೊಯ್ಯಲು ಬಂದವರು ನಿಜವಾದ ಬಂಧುಗಳೇ ಎಂಬುದನ್ನು ಪರೀಕ್ಷಿಸಲೂ ಹೇಳದೆ ಉಳಿಸಿಕೊಂಡ ಆ ವಿವರವೇ ನೆರವಾಗುತ್ತದೆ.

ರೇಡಿಯೋ ಅಲೆಗಳ ದಾರಿ ಸಾರ್ವಜನಿಕ ಸ್ವತ್ತು. ಪೊಲೀಸರು, ಅಗ್ನಿಶಾಮಕ ದಳದವರು, ವಿಮಾನ ಚಾಲಕರು ಬಳಸುವ ಆವೃತ್ತಿಗಳಿಗೆ ಇತರರು ಅಡ್ಡಬರಬಾರದೆಂದು ಸರಕಾರವು ಅವುಗಳನ್ನು ಹಂಚಿಕೊಟ್ಟಿದೆ. ಭಾರತದಲ್ಲಿ 2018ರ ನಿಯಮಗಳು 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ಆವೃತ್ತಿಯಲ್ಲಿ, ಗೊತ್ತುಪಡಿಸಿದ ಅಲ್ಪಶಕ್ತಿಯ ಕೈ ರೇಡಿಯೋಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿವೆ. ನಿಯಮ ಮೀರಿದ ವಾಕಿಟಾಕಿಗಳು ಅಂತರಜಾಲದ ಮೂಲಕ ಮಾರಾಟವಾಗುವುದನ್ನು ತಡೆಯಲು 2025ರಲ್ಲಿ ಮಾರ್ಗಸೂಚಿಗಳೂ ಪ್ರಕಟವಾದವು. ಅರಿಯದೆ ಕೊಂಡ ಉಪಕರಣದ ಹರಟೆಯು ಅಗ್ನಿಶಾಮಕ ದಳದ ಕರೆಯನ್ನು ಮುಚ್ಚಿಹಾಕಿದರೆ ಅದರ ಬೆಲೆಯನ್ನು ಯಾರೋ ತೆರಬೇಕಾಗುತ್ತದೆ.

ಇಂದು ಜಾತ್ರೆಗಳಲ್ಲಿ ಮಾತ್ರವಲ್ಲ, ರೈಲು ನಿಲ್ದಾಣ, ಆಟದ ಮೈದಾನ, ವಿನೋದ ಉದ್ಯಾನ ಮುಂತಾದೆಡೆಗಳಲ್ಲಿಯೂ ಈ ಉಪಕರಣ ಕೆಲಸ ಮಾಡುತ್ತಿದೆ. ವಿನೋದ ಉದ್ಯಾನದ ಎತ್ತರದ ನೀರಿನ ಜಾರುಬಂಡಿಯಲ್ಲಿ ಮೇಲಿನ ಕಾವಲುಗಾರನಿಗೆ ಕೆಳಗಿನ ಕೊಳವು ಕಾಣದಿರಬಹುದು. ಕೆಳಗೆ ಜಾರಿದವರು ದೂರ ಸರಿದರೆಂಬ ಮಾತು ಬಂದ ಮೇಲೆಯೇ ಆತನು ಮುಂದಿನವರನ್ನು ಬಿಡಬೇಕು. ಅಲ್ಲಿಯೂ ಜಾತ್ರೆಯಲ್ಲಿಯೂ ಇರುವ ಸೂತ್ರ ಒಂದೇ: ಕಾಣದವನಿಗೆ ಕಂಡವನು ಕಣ್ಣಾಗಬೇಕು.

ಮಾತು ಬೆಳ್ಳಿ, ಮೌನ ಬಂಗಾರ ಎಂಬ ನಾಣ್ಣುಡಿ ದ್ವಿಮುಖ ರೇಡಿಯೋಗೆ ಅಕ್ಷರಶಃ ಒಪ್ಪುತ್ತದೆ. ಅದನ್ನು ಹಿಡಿದವರು ದಿನದ ಬಹುಪಾಲನ್ನು ಕಳೆಯುವುದು ಕೇಳುವುದರಲ್ಲಿ. ಮಾತನಾಡುವುದು ಕೆಲವೇ ಕ್ಷಣ. ತನ್ನ ಸರದಿಗಾಗಿ ಕಾಯುವುದು, ಇನ್ನೊಬ್ಬರ ಮಾತು ಮುಗಿಯುವವರೆಗೆ ಆಲಿಸುವುದು, ಹೇಳಬೇಕಾದುದನ್ನು ಕೆಲವೇ ಪದಗಳಲ್ಲಿ ಸ್ಪಷ್ಟವಾಗಿ ಹೇಳುವುದು, ಕೇಳಿದುದನ್ನು ಮರಳಿ ನುಡಿದು ಖಚಿತಪಡಿಸಿಕೊಳ್ಳುವುದು—ಇವು ಯಾವ ಕಾರ್ಖಾನೆಯಲ್ಲಿಯೂ ತಯಾರಾಗುವುದಿಲ್ಲ. ಉಪಕರಣವು ಧ್ವನಿಯನ್ನು ಮಾತ್ರ ಹೊತ್ತೊಯ್ಯಬಲ್ಲುದು. ಆ ಧ್ವನಿಯು ಒಂದು ಜೀವವನ್ನು ಉಳಿಸುವ ಮಾತಾಗುವುದು ಅದನ್ನು ಹಿಡಿದವರ ಶಿಸ್ತಿನಿಂದ.