ಅಮೆರಿಕದ ಖಜಾನೆಗೆ ಸೆಪ್ಟೆಂಬರ್ ಯಾಕಿಷ್ಟು ಭಾರ?

ಅಮೆರಿಕ ಸರ್ಕಾರದ ಐತಿಹಾಸಿಕ ಬಜೆಟ್ ಕೋಷ್ಟಕಗಳನ್ನು ಮೇಲಿನಿಂದ ಓದುತ್ತಾ ಬಂದರೆ 1976ರ ಸಾಲು ಮುಗಿದಲ್ಲಿ ಕಣ್ಣು ತಡವರಿಸುತ್ತದೆ. ಮುಂದೆ 1977 ಇರಬೇಕಿತ್ತು, ಇಲ್ಲ. ಇಸವಿಯೇ ಇಲ್ಲದ ಒಂದು ಸಾಲಿದೆ. ಎದುರಿಗೆ ‘ಟಿಕ್ಯು’ ಎಂಬ ಎರಡಕ್ಷರ. ಟ್ರಾನ್ಸಿಷನ್ ಕ್ವಾರ್ಟರ್ ಎಂಬುದರ ಚುಟುಕು ರೂಪ ಅದು. 1976ರ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗಿನ ಆ ಮೂರು ತಿಂಗಳು ಯಾವ ಹಣಕಾಸು ವರ್ಷಕ್ಕೂ ಸೇರಿದವಲ್ಲ.

ಅಮೆರಿಕದ ಒಕ್ಕೂಟ ಸರ್ಕಾರ 2023ರ ಹಣಕಾಸು ವರ್ಷದಲ್ಲಿ ಗುತ್ತಿಗೆಗಳಿಗೆ ಒಪ್ಪಿಸಿದ ಮೊತ್ತ ಸುಮಾರು 75,900 ಕೋಟಿ ಡಾಲರ್. ಅರ್ಧಕ್ಕಿಂತ ಹೆಚ್ಚು ಪಾಲು ರಕ್ಷಣಾ ಇಲಾಖೆಯದು. ಇಷ್ಟು ದೊಡ್ಡ ಹಣ ವರ್ಷವಿಡೀ ಒಂದೇ ಸಮನೆ ಹರಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಶುರುವಾಗುವ ಮೊದಲ ತ್ರೈಮಾಸಿಕ ಕುಂಟುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಕೊನೆಯ ತ್ರೈಮಾಸಿಕ ಉಕ್ಕುತ್ತದೆ. ಹಾರ್ವರ್ಡ್‌ನ ಜೆಫ್ರಿ ಲೀಬ್‌ಮನ್ ಮತ್ತು ಅರ್ಥಶಾಸ್ತ್ರಜ್ಞ ನೀಲ್ ಮಹೋನಿ 2004ರಿಂದ 2009ರವರೆಗಿನ ಲೆಕ್ಕ ತೆಗೆದು ನೋಡಿದಾಗ, ವರ್ಷದ ಕೊನೆಯ ವಾರದ ಖರ್ಚು ಉಳಿದ ವಾರಗಳ ಸರಾಸರಿಯ 4.9 ಪಟ್ಟು ಇತ್ತು. ಕಚೇರಿ ಪೀಠೋಪಕರಣ, ಕಟ್ಟಡ ಕೆಲಸ, ಕಂಪ್ಯೂಟರ್ ಖರೀದಿಗಳಲ್ಲಿ ಈ ಜಿಗಿತ ಎದ್ದು ಕಾಣುತ್ತಿತ್ತು.

ನಮಗಿದು ಹೊಸದೇನಲ್ಲ. ಮಾರ್ಚ್ ಬಂತೆಂದರೆ ಬಿಲ್ಲುಗಳ ರಾಶಿ ಏಳುವುದನ್ನು, ರಸ್ತೆಗೆ ಡಾಂಬರು ಬೀಳುವುದನ್ನು ನೋಡುತ್ತಲೇ ಬೆಳೆದವರು ನಾವು. ನಮ್ಮ ಕೇಂದ್ರ ಸರ್ಕಾರದ ಹಣಕಾಸು ನಿಯಮಾವಳಿಯೇ ವರ್ಷಾಂತ್ಯದ ಧಾವಂತವನ್ನು ಆರ್ಥಿಕ ಶಿಸ್ತಿನ ಉಲ್ಲಂಘನೆ ಎಂದು ಕರೆಯುತ್ತದೆ. ಆದರೆ ಅಮೆರಿಕದ ಈ ಸೆಪ್ಟೆಂಬರ್ ಹುಟ್ಟಿದ ಬಗೆ ಬೇರೆ, ಅದು ಬಹಳ ಉದ್ದದ ಕಥೆ.

ಹೊಸ ಗಣರಾಜ್ಯದ ಮೊದಲ ವೆಚ್ಚ ಕಾಯ್ದೆ ಬಂದದ್ದು 1789ರ ಸೆಪ್ಟೆಂಬರ್ 29ರಂದು. ನಾಲ್ಕು ಬಾಬತ್ತು, ಒಟ್ಟು 6,39,000 ಡಾಲರ್. ಹಣ ಆ ವರ್ಷಕ್ಕೆ ಮಾತ್ರ. ಖಜಾನೆಯ ಕೀಲಿ ಕಾಂಗ್ರೆಸ್ಸಿನ ಕೈಯಲ್ಲೇ ಇರಬೇಕು, ಸರ್ಕಾರ ಪ್ರತಿ ವರ್ಷವೂ ಬಂದು ಕೇಳಬೇಕು ಎಂಬ ಎಚ್ಚರ ಅದರ ಹಿಂದಿತ್ತು. ರಾಜನ ಆಳ್ವಿಕೆಯಿಂದ ಆಗಷ್ಟೇ ಬಿಡಿಸಿಕೊಂಡವರಿಗೆ ಆ ಎಚ್ಚರ ಸಹಜ, ಇಂದಿಗೂ ಅದು ಸರಿಯಾದುದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ತೊಂದರೆ ತಿರುಗುಮುರುಗಾಗಿತ್ತು. ಇಲಾಖೆಗಳು ಮೊದಲ ತಿಂಗಳುಗಳಲ್ಲೇ ಹಣ ಬರಿದು ಮಾಡಿ, ಇನ್ನಷ್ಟು ಕೊಡಿ, ಇಲ್ಲವಾದರೆ ಕೆಲಸ ನಿಲ್ಲುತ್ತದೆ ಎಂದು ಕಾಂಗ್ರೆಸ್ಸಿನ ಬಾಗಿಲಿಗೆ ಬರುತ್ತಿದ್ದವು. ಕೊಡದೆ ವಿಧಿಯಿರಲಿಲ್ಲ. ಇದಕ್ಕೆ ಕಡಿವಾಣ ಹಾಕಲು 1905 ಮತ್ತು 1906ರಲ್ಲಿ ಕೊರತೆ ತಡೆ ಕಾನೂನನ್ನು ಬಿಗಿ ಮಾಡಲಾಯಿತು. ಹಣವನ್ನು ಕಂತಿನ ಮೇಲೆ ಹಂಚಬೇಕು, ಮಂಜೂರಾತಿ ಮೀರಿದರೆ ಶಿಕ್ಷೆ. ಅಧಿಕಾರಿಗಳ ನಡವಳಿಕೆಯನ್ನು ಬದಲಿಸಿದ್ದು ಈ ಕಟ್ಟುನಿಟ್ಟು ಎಂಬುದು ನನ್ನ ಎಣಿಕೆ. ಮೀರಿದರೆ ಕೇಸು, ಉಳಿಸಿದರೆ ಹಣವೇ ಕೈತಪ್ಪುತ್ತದೆ. ಇಂಥಲ್ಲಿ ಜಾಣ ಅಧಿಕಾರಿ ಏನು ಮಾಡುತ್ತಾನೆ? ಚಂಡಮಾರುತ ಬಂದೀತು, ಯಂತ್ರ ಕೆಟ್ಟೀತು ಎಂದು ಒಂದಿಷ್ಟು ತೆಗೆದಿಡುತ್ತಾನೆ. ಆಗಸ್ಟ್ ಕಳೆಯುವ ಹೊತ್ತಿಗೆ ಆಪತ್ತು ಬರಲಿಲ್ಲ ಎಂದು ಖಚಿತವಾಗುತ್ತದೆ. ತೆಗೆದಿಟ್ಟದ್ದು ಹೊರಗೆ ಬರುತ್ತದೆ.

ಕ್ಯಾಲೆಂಡರ್ ಕೂಡ ಒಂದೆಡೆ ನಿಲ್ಲಲಿಲ್ಲ. ಜನವರಿಯಿಂದ ಶುರುವಾಗುತ್ತಿದ್ದ ವರ್ಷ 1843ರಲ್ಲಿ ಜುಲೈಗೆ ಸರಿಯಿತು. ನೂರಮೂವತ್ತು ವರ್ಷ ಕಳೆಯುವಷ್ಟರಲ್ಲಿ ಬಜೆಟ್ ಹಿಗ್ಗಿ, ಜುಲೈ 1ರೊಳಗೆ ಮಸೂದೆ ಮುಗಿಸುವುದು ಕಾಂಗ್ರೆಸ್ಸಿಗೆ ಆಗದಾಯಿತು. 1974ರ ಬಜೆಟ್ ಕಾಯ್ದೆ ಮೂರು ತಿಂಗಳ ಹೆಚ್ಚುವರಿ ಸಮಯ ಕೊಟ್ಟು ವರ್ಷಾರಂಭವನ್ನು ಅಕ್ಟೋಬರ್ 1ಕ್ಕೆ ತಂದಿತು. ಆ ಜಿಗಿತದಲ್ಲಿ ಸಿಕ್ಕಿಕೊಂಡು ಉಳಿದದ್ದೇ ‘ಟಿಕ್ಯು’ ಸಾಲು.

ಸಮಯ ಕೊಟ್ಟಿದ್ದರಿಂದ ಕೆಲಸ ಬೇಗ ಮುಗಿಯಿತೇ? ಇಲ್ಲ. ಅಂದಿನಿಂದ ವೆಚ್ಚದ ಮಸೂದೆಗಳೆಲ್ಲ ಗಡುವಿನೊಳಗೆ ಪಾಸಾಗಿದ್ದು 1977, 1989, 1995 ಮತ್ತು 1997ರ ಹಣಕಾಸು ವರ್ಷಗಳಿಗೆ ಮಾತ್ರ. ಉಳಿದಂತೆ ತಾತ್ಕಾಲಿಕ ಮಂಜೂರಾತಿ, ಅಂದರೆ ಕಳೆದ ವರ್ಷದ ಲೆಕ್ಕದಲ್ಲಿ ದಿನ ದೂಡುವುದು. ಆ ಅವಧಿಯಲ್ಲಿ ಹೊಸ ಯೋಜನೆ ಶುರು ಮಾಡಲು ಸಾಮಾನ್ಯವಾಗಿ ಅವಕಾಶವಿಲ್ಲ. ಅದೂ ಇಲ್ಲದಿದ್ದರೆ ಕಚೇರಿಗೇ ಬೀಗ. 2025ರಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಹಾಗೇ ಆಯಿತು. ಪೂರ್ತಿ ಮಂಜೂರಾತಿ ಕೈಗೆ ಬರುವಾಗ ಎಷ್ಟೋ ಸಲ ವಸಂತ ಬಂದಿರುತ್ತದೆ. ಹನ್ನೆರಡು ತಿಂಗಳ ಖರೀದಿಯನ್ನು ಆರೇಳು ತಿಂಗಳಲ್ಲಿ ತುರುಕಬೇಕು.

ರಕ್ಷಣಾ ವೆಚ್ಚದ ಕಾಯ್ದೆಯಲ್ಲಿ, ಒಂದೇ ವರ್ಷದ ಹಣದ ಶೇ 20ಕ್ಕಿಂತ ಹೆಚ್ಚನ್ನು ಕೊನೆಯ ಎರಡು ತಿಂಗಳಲ್ಲಿ ಒಪ್ಪಿಸಬಾರದು ಎಂಬ ಷರತ್ತು ಬಹುಕಾಲದಿಂದ ಇದೆ. 1980ರಲ್ಲಿ ಸೆನೆಟ್ ಉಪಸಮಿತಿಯೊಂದು ಈ ತರಾತುರಿಯ ಮೇಲೆ ವರದಿಯನ್ನೇ ಬರೆಯಿತು. ಸೆಪ್ಟೆಂಬರ್‌ನ ಖರ್ಚಿನ ಗುಡ್ಡ ಮಾತ್ರ ಕರಗಲಿಲ್ಲ.

ಅದನ್ನು ಈಗ ಯಾರು ಬೇಕಾದರೂ ನೋಡಬಹುದು. ಆಗ ಸೆನೆಟರ್‌ಗಳಾಗಿದ್ದ ಟಾಮ್ ಕೋಬರ್ನ್ ಮತ್ತು ಬರಾಕ್ ಒಬಾಮ ಜಂಟಿಯಾಗಿ ತಂದ 2006ರ ಪಾರದರ್ಶಕತೆ ಕಾಯ್ದೆಯಿಂದಾಗಿ ಮರುವರ್ಷ ಯುಎಸ್ಎಸ್ಪೆಂಡಿಂಗ್ ತಾಣ ತೆರೆಯಿತು. ನೋಡುವಾಗ ಎರಡು ಮಾತು ನೆನಪಿರಲಿ. ಅಲ್ಲಿನ ಅಂಕಿ ಗುತ್ತಿಗೆಗೆ ಒಪ್ಪಿಸಿದ ಹಣದ್ದು, ಗುತ್ತಿಗೆದಾರನ ಕೈ ಸೇರಿದ್ದರದ್ದಲ್ಲ. ಗುತ್ತಿಗೆ ರದ್ದಾದರೆ ಮೊತ್ತ ಋಣ ಚಿಹ್ನೆಯೊಂದಿಗೆ ವಾಪಸಾಗುತ್ತದೆ. ಜೊತೆಗೆ ರಕ್ಷಣಾ ಇಲಾಖೆಯ ವಿವರ 90 ದಿನ ತಡವಾಗಿ ಬರುವುದರಿಂದ, ಸೆಪ್ಟೆಂಬರ್‌ನ ನಿಜವಾದ ಎತ್ತರ ತಿಳಿಯುವುದು ಹೊಸ ವರ್ಷದಲ್ಲೇ.

ಅವಸರಕ್ಕೆ ಬೆಲೆಯಿದೆ. ಲೀಬ್‌ಮನ್ ಮತ್ತು ಮಹೋನಿ 686 ಕಂಪ್ಯೂಟರ್ ಯೋಜನೆಗಳ ಗುಣಮಟ್ಟದ ಅಂಕ ತಾಳೆ ಹಾಕಿದರು. ಕೊನೆಯ ವಾರದಲ್ಲಿ ಸಹಿಯಾದವು ಕಡಿಮೆ ಅಂಕ ಪಡೆಯುವ ಸಂಭವ 2.2ರಿಂದ 5.6 ಪಟ್ಟು ಹೆಚ್ಚಿತ್ತು. ಒಂದು ಇಲಾಖೆ ಮಾತ್ರ ಬೇರೆಯಾಗಿ ನಿಂತಿತು. ಉಳಿದ ಹಣವನ್ನು ಮುಂದಿನ ವರ್ಷದ ಕಂಪ್ಯೂಟರ್ ಕೆಲಸಕ್ಕೆ ಒಯ್ಯುವ ವಿಶೇಷ ಅನುಮತಿ ನ್ಯಾಯ ಇಲಾಖೆಗೆ 1990ರ ದಶಕದಿಂದಲೇ ಇತ್ತು. ಅಲ್ಲಿ ವರ್ಷಾಂತ್ಯದ ಯೋಜನೆಗಳ ಗುಣಮಟ್ಟ ಕುಸಿದಿರಲಿಲ್ಲ.

2017ರಲ್ಲಿ ಕಾಂಗ್ರೆಸ್ ಒಂದು ಹೆಜ್ಜೆ ಮುಂದಿಟ್ಟು, ಕಂಪ್ಯೂಟರ್ ವ್ಯವಸ್ಥೆಗಳ ಸುಧಾರಣೆಗೆ ಮೂರು ವರ್ಷ ಬಾಳುವ ನಿಧಿಗಳಿಗೆ ಅವಕಾಶ ಕೊಟ್ಟಿತು. ಕಟ್ಟಡದ ದುರಸ್ತಿಗೂ ಕಚೇರಿಯ ಮೇಜು ಕುರ್ಚಿಗೂ ಅದೇ ಸೌಲಭ್ಯ ಬರಬೇಕು. ಬಾರದಿದ್ದರೆ ಸೆಪ್ಟೆಂಬರ್ 30ರ ರಾತ್ರಿ ಅಲ್ಲಿನ ಖರೀದಿ ಕಚೇರಿಗಳಲ್ಲಿ ದೀಪ ಆರುವುದಿಲ್ಲ.